ಸಿಗ್ಮಾದ ಜಾಗದಲ್ಲಿ ಸ

ಅಥವಾ ಪುಸ್ತಕದ ರಟ್ಟು ಹಸಿರು ಇರಲೇ ಇಲ್ಲವೇನೋ. ನೀಲಿ ಇತ್ತು ಎಂದು ವೈನಿ ಹೇಳುತ್ತಾರೆ. ಪುಸ್ತಕ ಅವರದ್ದಾದ್ದರಿಂದ ಅವರ ಮಾತನ್ನೇ ನಂಬಬೇಕು. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಹಸಿರು ರಟ್ಟು, ಅದರ ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ, ಎಡಗಡೆ ಕಪ್ಪು ಸ್ಪೈರಲ್. ಆ ಹಸಿರು ನಮ್ಮ ಪ್ರೆಸ್ಸಿನಲ್ಲಿ ಆಗ ಅಚ್ಚಾಗುತ್ತಿದ್ದ ಯಾವುದೋ ಸಹಕಾರಿ ಸಂಘದ ವರದಿಯದ್ದಾಗಿರಬಹುದು. ಎರಡೂ ಒಂದೇ ಕೈಚೀಲದಲ್ಲಿ ಬಸ್ಸಿನಲ್ಲಿ ಬಂದವು, ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿತು. ನನ್ನ ನೆನಪಿನಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ.

ತೆಗೆದು ನೋಡೋಣವೆಂದರೆ ಪುಸ್ತಕ ಈಗ ಇಲ್ಲ. ವೈನಿ ಅದನ್ನು ಯಾರಿಗೋ ಕೊಟ್ಟರು, ಅವರು ಇನ್ಯಾರಿಗೋ ಕೊಟ್ಟರು. ಹಾಗೆ ಕೊಡಿ ಎಂದೇ ಅದರ ಮೊದಲ ಪುಟದಲ್ಲಿ ಬರೆದಿತ್ತು. ಹೀಗಾಗಿ ಇಲ್ಲಿ ನಾನು ಬರೆಯುತ್ತಿರುವುದಕ್ಕೆ ಪುರಾವೆ ಏನೂ ಉಳಿದಿಲ್ಲ. ಉಳಿದಿರುವುದು ಮೂರು ಜನರ ಮಾತು: ನನ್ನದು, ವೈನಿಯದು, ಅಣ್ಣನದು. ಅಣ್ಣನ ಮಾತು ವರ್ಷಕ್ಕೊಮ್ಮೆ ದೊಡ್ಡದಾಗುತ್ತದೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ತೊಂಬತ್ತರ ದಶಕದ ನಡುವೆ ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದರು. ಮಾರ್ಕೆಟ್ ಯಾರ್ಡಿನ ಹಿಂದೆ ನಮ್ಮದು ಎರಡು ಕೋಣೆಯ ಮನೆ. ಅಣ್ಣ ಯಾರ್ಡಿನಲ್ಲಿ ನಮ್ಮ ಕಡೆಯವರೇ ಒಬ್ಬರ ಮೆಣಸಿನಕಾಯಿ ಅಂಗಡಿಯಲ್ಲಿ ಗುಮಾಸ್ತ. ಅವನು ಸಂಜೆ ಮನೆಗೆ ಬಂದು ಅಂಗಿ ಕೊಡವಿದರೆ ಮನೆಯವರೆಲ್ಲ ಸೀನುತ್ತಿದ್ದರು. ನಾನು ಊರಿನ ಕ್ಯಾಂಪ್ ಭಾಗದ ಒಂದು ಚಿಕ್ಕ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ವೈನಿ ಟಿ.ಸಿ.ಎಚ್. ಮಾಡಿಕೊಂಡೇ ಬಂದವರು. ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದರು. ಆದರೆ ಅದು ಹಂಗಾಮಿ ಕೆಲಸ. ಪ್ರತಿ ಜೂನ್‌ನಲ್ಲಿ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕು. ಡಿಗ್ರಿ ಇದ್ದರೆ ಕಾಯಂ ಮಾಡಿಕೊಳ್ಳುತ್ತೇವೆ, ಮೇಲಿನ ತರಗತಿಗಳ ಗಣಿತವನ್ನೂ ಕೊಡುತ್ತೇವೆ ಎಂದು ಶಾಲೆಯವರು ಮಾತು ಕೊಟ್ಟಿದ್ದರು. ಅದಕ್ಕೆಂದೇ ವೈನಿ ಹೊರಗಿನ ವಿದ್ಯಾರ್ಥಿಯಾಗಿ ಅರ್ಥಶಾಸ್ತ್ರದ ಡಿಗ್ರಿಗೆ ಹೆಸರು ಹಚ್ಚಿ, ಮನೆಗೆಲಸ ಮತ್ತು ಶಾಲೆಯ ನಡುವೆ ಒಂದೊಂದೇ ಪೇಪರ್ ಮುಗಿಸುತ್ತ ಬಂದಿದ್ದರು. ಕೊನೆಗೆ ಉಳಿದದ್ದು ಒಂದೇ: ಸಂಖ್ಯಾಶಾಸ್ತ್ರ.

ಅದರಲ್ಲಿ ಅವರು ಹಿಂದೆಯೂ ನಪಾಸಾಗಿದ್ದರು. ಕಾರಣ ಕೇಳಿದರೆ ಒಂದೇ ಉತ್ತರ: "ನನ್ನ ಸಿಗ್ಮಾ ಆರರಂಗ ಕಾಣತದ." ಅದು ನಿಜ. ಸಿಗ್ಮಾ ಎಂಬ ಗ್ರೀಕ್ ಅಕ್ಷರ, σ, ಸಂಖ್ಯಾಶಾಸ್ತ್ರದಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ವೈನಿ ಅದನ್ನು ಬರೆದರೆ ಬಾಲ ಮೇಲಕ್ಕೆ ಎದ್ದು 6 ಆಗುತ್ತಿತ್ತು. ಪೇಪರ್ ನೋಡಿದವರು ಅದನ್ನು ಆರು ಎಂದೇ ಓದಿ ಗುಣಿಸಿ ತಪ್ಪು ಹಾಕಿದ್ದಾರೆಂದು ಅವರ ನಂಬಿಕೆ. ಇದು ಪೂರ್ತಿ ಕಾರಣವಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಪೂರ್ತಿ ಕಾರಣ ಏನೆಂದರೆ ಅವರಿಗೆ ಯಾರೂ ಆ ವಿಷಯವನ್ನು ತಿಳಿಸಿ ಹೇಳಿರಲಿಲ್ಲ. ಪೇಟೆಯ ಗೈಡುಗಳಲ್ಲಿ ಲೆಕ್ಕ ಇರುತ್ತಿತ್ತು, ಉತ್ತರ ಇರುತ್ತಿತ್ತು, ನಡುವೆ "ಸೂತ್ರದ ಪ್ರಕಾರ" ಎಂದು ಇರುತ್ತಿತ್ತು. ಲೈಬ್ರರಿಯಲ್ಲಿ ಒಂದು ದಪ್ಪ ವಿದೇಶಿ ಪುಸ್ತಕ ಇತ್ತು. ಅದನ್ನು ಅಲ್ಲೇ ಕೂತು ಓದಬೇಕು, ಮನೆಗೆ ಒಯ್ಯುವಂತಿಲ್ಲ. ವೈನಿ ಅಲ್ಲಿಗೆ ತಲುಪುವ ಹೊತ್ತಿಗೆ ಲೈಬ್ರರಿ ಮುಚ್ಚುವ ಗಂಟೆ ಹೊಡೆಯುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಹಳೆ ಸಿಲಬಸ್‌ನಲ್ಲಿ ಇದೇ ಕಡೇ ಪರೀಕ್ಷೆ ಎಂದು ಸುದ್ದಿ ಬಂತು. ಈ ಸಲವೂ ನಪಾಸಾದರೆ ಮುಗಿಸಿದ ಪೇಪರುಗಳನ್ನೂ ಹೊಸದಾಗಿ ಬರೆಯಬೇಕು. ಅಂದಿನ ಊಟದಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಅಥವಾ ಮಾತಾಡಿದೆವೇನೋ. ಮಾತಾಡಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ ಎಂಬುದೂ ಒಂದು ಕಾರಣವಾಗಿರಬಹುದು.

ನಮ್ಮ ಪ್ರೆಸ್ಸಿನ ಪಕ್ಕದಲ್ಲೊಂದು ಅಂಗಡಿ. ಕಂಪ್ಯೂಟರ್ ಮೂರು, ಒಂದು ಝೆರಾಕ್ಸ್ ಯಂತ್ರ, ಸ್ಪೈರಲ್ ಹಾಕುವ ಯಂತ್ರ ಒಂದು. ಮಾಲೀಕ ಮರಾಠಿಯವರು, ನನ್ನದೇ ವಯಸ್ಸು. ಊಟದ ಬಿಡುವಿನಲ್ಲಿ ಅಲ್ಲಿ ಇಂಟರ್ನೆಟ್ ನೋಡುವ ಚಟ ನನಗೆ ಹತ್ತಿತ್ತು. ಅಲ್ಲಿಯೇ ಒಂದು ದಿನ ಆ ಪುಸ್ತಕ ಸಿಕ್ಕಿತು. ಯಾವುದೋ ದೂರದ ದೇಶದ, ಚಿಕ್ಕ ಊರಿನ ಕಾಲೇಜಿನಲ್ಲಿ ಪಾಠ ಹೇಳುವವರು ಒಬ್ಬರು ತಮ್ಮ ಪಾಠಗಳನ್ನೆಲ್ಲ ಪುಸ್ತಕ ಮಾಡಿ, ಅಧ್ಯಾಯಕ್ಕೊಂದು ಕಡತದಂತೆ ತಮ್ಮ ಪುಟದಲ್ಲಿ ಇಟ್ಟಿದ್ದರು. ಹೆಸರಿನ ಮೊದಲೆರಡು ಅಕ್ಷರ ಮತ್ತು ಮನೆತನದ ಹೆಸರು ಅಷ್ಟೇ. ಗಂಡಸೋ ಹೆಂಗಸೋ ತಿಳಿಯುತ್ತಿರಲಿಲ್ಲ. ಮೊದಲ ಪುಟದ ಮಾತುಗಳ ಸಾರ ಇಷ್ಟು: ಓದಿ, ಅಚ್ಚು ಹಾಕಿಕೊಳ್ಳಿ, ಬೇರೆಯವರಿಗೆ ಕೊಡಿ, ಬೇಕೆನಿಸಿದರೆ ಬದಲಿಸಿ, ನೀವು ಬದಲಿಸಿದ್ದನ್ನೂ ಉಳಿದವರು ಹೀಗೆಯೇ ಬಳಸಲು ಬಿಡಿ.

ನಾನು ಇದನ್ನು ಮನೆಯಲ್ಲಿ ಹೇಳಿದಾಗ ಅಣ್ಣ ನಕ್ಕ.

"ಪುಕಟ್ ಯಾರ ಕೊಡ್ತಾರೊ? ಚೀಲಾ ಮುಂದಿಟ್ಟು ಹಂಗ ಒಯ್ರಿ ಅಂತಾರಂದ್ರ ಒಳಗ ಹುಳಾ ಹತ್ತೇದ ಅಂತ ತಿಳ್ಕೊ."

"ಅಣ್ಣಾ, ಇದು ಮೆಣಸಿನಕಾಯಿ ಅಲ್ಲ, ಪುಸ್ತಕ."

"ಯಾವುದಾದ್ರೂ ಮಾಲ ಮಾಲಽ. ನೋಡ್ತಿರು, ಮೊದಲ ನಾಕು ಅಧ್ಯಾಯ ಕೊಡ್ತಾನ, ಐದನೇದಕ್ಕ ರೊಕ್ಕ ಕೇಳ್ತಾನ. ನಾವೂ ಗಿರಾಕಿಗೆ ಸ್ಯಾಂಪಲ್ ಹಂಗ ಕೊಡ್ತೀವಿ."

ವೈನಿ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಐದನೇದಕ್ಕ ಕೇಳಿದ್ರ ಆವಾಗ ನೋಡೂಣು. ತಮ್ಮಾ, ನಾಕ ತೊಗೊಂಡ ಬಾ."

ಅಂಗಡಿಯವರು ಎಲ್ಲ ಅಧ್ಯಾಯಗಳನ್ನೂ ಇಳಿಸಿಕೊಂಡರು. ಯಾರಿಗೆ ಎಂದು ಕೇಳಿದರು. ನಮ್ಮ ವೈನಿಗೆ, ಹೀಗೀಗೆ ಪರೀಕ್ಷೆ ಇದೆ ಎಂದೆ. ಮರಾಠಿಯಲ್ಲೂ ಅದೇ ಮಾತು, ವಹಿನಿ. ಆ ಕ್ಷಣದಿಂದ ಅವರಿಗೂ ಆಕೆ ವಹಿನಿಯೇ. ಬಿಡುವಾದಾಗ ಅಚ್ಚು ಹಾಕಿ ಇಡುತ್ತೇನೆ ಎಂದರು. ಮೂರು ನಾಲ್ಕು ದಿನ ಬಿಟ್ಟು ಸ್ಪೈರಲ್ ಹಾಕಿದ ಪುಸ್ತಕವನ್ನು ನನ್ನ ಕೈಗಿಟ್ಟು ಖುಷಿಯಿಂದ ಹೇಳಿದರು: ಮೂಲದಲ್ಲಿ ಅಕ್ಷರ ದೊಡ್ಡದು, ನಡುವೆ ಜಾಗ ಬಹಳ, ನಾನು ಎಲ್ಲವನ್ನೂ ಚಿಕ್ಕ ಅಕ್ಷರಕ್ಕೆ ತಂದು ಪುಸ್ತಕವನ್ನು ಅರ್ಧಕ್ಕರ್ಧ ತೆಳ್ಳಗೆ ಮಾಡಿದ್ದೇನೆ, ವಹಿನಿಗೆ ಬಸ್ಸಿನಲ್ಲಿ ಹಿಡಿದು ಓದಲು ಹಗುರ. ಅದು ನಾವು ಕೇಳದೆಯೇ ಅವರು ಮಾಡಿದ ಉಪಕಾರ. ಈ ಉಪಕಾರವನ್ನು ನೆನಪಿಟ್ಟುಕೊಳ್ಳಬೇಕು, ಮುಂದಿನದೆಲ್ಲ ಇದರಿಂದಲೇ ಬಂತು.

ವೈನಿ ಓದತೊಡಗಿದರು. ಅವರು ಆ ಪುಸ್ತಕ ಓದಿದ ರೀತಿಯನ್ನು ವರ್ಣಿಸಲು ನನಗೆ ಆಸೆ. ಆದರೆ ನಾನು ನೋಡಿದ್ದು ಬರೀ ತುಣುಕುಗಳು: ಅಡುಗೆಮನೆಯ ಕಟ್ಟೆಯ ಮೇಲೆ ಮಡಚಿಟ್ಟ ಪುಸ್ತಕ, ಹಾಲು ಉಕ್ಕಿದ್ದು, ಅವರು ಒಬ್ಬರೇ ನಕ್ಕದ್ದು. ಸಂಖ್ಯಾಶಾಸ್ತ್ರ ಓದಿ ಯಾರಾದರೂ ನಗುತ್ತಾರೆಯೇ ಎಂದು ನಾನು ಕೇಳಿದೆ. "ಇವರು ಬರದದ್ದು ನೋಡು. ನನಗೂ ಇದು ಮೊದಲ ತಿಳಿದಿರಲಿಲ್ಲ, ಗಾಬರಿ ಆಗಬ್ಯಾಡ್ರಿ, ಇನ್ನೊಮ್ಮೆ ಓದ್ರಿ ಅಂತ ಬರದಾರ. ನಮಗ ಕಲಿಸಿದವರು ಯಾರರ ಹಿಂಗ ಅಂದಿದ್ರೇನು?"

ಉದಾಹರಣೆಗಳು ಮಾತ್ರ ಬೇರೆ ಲೋಕದವು. ಒಂದು ಊರಿನಲ್ಲಿ ಹಿಮ ಎಷ್ಟು ಇಂಚು ಬಿತ್ತು, ನಮಗೆ ಗೊತ್ತಿಲ್ಲದ ಒಂದು ಚೆಂಡಾಟದಲ್ಲಿ ಯಾರು ಎಷ್ಟು ಸಲ ಓಡಿದರು. ಬದಲಿಸಬಹುದು ಎಂದು ಮೊದಲ ಪುಟದಲ್ಲೇ ಇತ್ತಲ್ಲ, ವೈನಿ ಬದಲಿಸಿದರು. ಪೆನ್ಸಿಲಿನಲ್ಲಿ ಹಿಮವನ್ನು ಹೊಡೆದುಹಾಕಿ, ನಮ್ಮ ಓಣಿಯಲ್ಲಿ ನಳದ ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆ ಎಂದು ಮಾಡಿಕೊಂಡರು. ಲೆಕ್ಕ ಅದೇ, ನೀರು ನಮ್ಮದು. ಐದನೆಯ ಅಧ್ಯಾಯ ಬಂತು, ಆರನೆಯದು ಬಂತು, ಯಾರೂ ರೊಕ್ಕ ಕೇಳಲಿಲ್ಲ. ಅಣ್ಣ ದಿನಾ ಸಂಜೆ ಅಂಗಿ ಕೊಡವುತ್ತ, ಶಾಲೆಯ ಮಕ್ಕಳು ಟೀಚರನ್ನು ಕರೆಯುವ ಹಾಗೆ ವೈನಿಯನ್ನು ಕೇಳುತ್ತಿದ್ದ: "ಅಕ್ಕೋರ, ಹುಳಾ ಹೊರಗ ಬಂತೇನ್ರಿ?"

"ಇನ್ನೂ ಇಲ್ರಿ. ಬಂದ್ರ ಮೊದಲ ನಿಮಗ ತೋರಸ್ತೀನಿ."

ಆಮೇಲೆ ಒಂದು ಅಧ್ಯಾಯದಲ್ಲಿ ಅದು ಬಂದೇ ಬಿಟ್ಟಿತು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಇದ್ದದ್ದೇ ಆ ಅಧ್ಯಾಯಕ್ಕೆ. ಒಂದು ಹಿಡಿಯನ್ನು ನೋಡಿ ಇಡೀ ರಾಶಿಯ ಬಗ್ಗೆ ಏನು ಹೇಳಬಹುದು ಎಂಬುದು ಅದರ ವಿಷಯ. ಅದನ್ನು ಮರಾಠಿ ಗೈಡುಗಳಲ್ಲಿ ಅನುಮಾನ ಎನ್ನುತ್ತಿದ್ದರು. ಅವರ ಅರ್ಥದಲ್ಲಿ ಅದು ಕಂಡದ್ದರಿಂದ ಕಾಣದ್ದನ್ನು ಊಹಿಸುವುದು. ನಮ್ಮ ಮನೆಯಲ್ಲಿ ಅನುಮಾನ ಎಂದರೆ ಸಂಶಯ, ಬೇರೆ ಅರ್ಥವೇ ಇಲ್ಲ. ವೈನಿ ಆ ಅಧ್ಯಾಯವನ್ನು ತೆರೆದು ಎರಡು ದಿನ ಅದನ್ನೇ ತಿರುಗಿ ತಿರುಗಿ ಓದಿದರು. ಮೂರನೆಯ ದಿನ ಪುಸ್ತಕವನ್ನು ನನ್ನ ಮುಂದೆ ಹಿಡಿದರು.

"ಇದನ್ನ ಓದು ತಮ್ಮಾ. ನೀ ಪ್ರೂಫ್ ನೋಡಾವ."

ನಾನು ಓದಿದೆ. ಇಂಗ್ಲಿಷಿನ ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: s ಗೊತ್ತಿಲ್ಲದಾಗ ಅದರ ಬದಲು s ಬಳಸಿ.

"ಗೊತ್ತಿಲ್ಲದ್ದರ ಬದಲಿ ಅದನ್ನಽ ಬಳಸ್ರಿ ಅಂತಾರ," ಎಂದರು ವೈನಿ. "ಗೊತ್ತಿದ್ರ ನಾ ಯಾಕ ಇವರ ಪುಸ್ತಕಾ ಓದತಿದ್ದೆ? ಇಲ್ಲೆ ನೋಡು, ಮೊದಲ ಒಂದು a ಆರಿಸ್ಕೋರಿ ಅಂತ ಬರದದ. ಒಂದು ಏನು? a ಅಂದ್ರ ಯಾವ ವಸ್ತು?"

ಅಣ್ಣ ಗೆದ್ದವನ ಹಾಗೆ ಗೋಡೆಗೆ ಒರಗಿದ. "ನಾ ಹೇಳಿದ್ನೆಲ್ಲ! ಚೀಲದ ಬಾಯಾಗ ಛಲೋ ಕಾಯಿ, ತಳದಾಗ ಕಸ. ಏನ ಮಾಡೂದು ಈಗ?"

ಪರೀಕ್ಷೆಗೆ ಕೆಲವೇ ವಾರ ಇತ್ತು. ತಾವು ನಂಬಿದ ಒಂದೇ ಪುಸ್ತಕ ಹೀಗೆ ಕೈ ಕೊಟ್ಟದ್ದು ವೈನಿಯನ್ನು ಬಹಳ ನೋಯಿಸಿರಬೇಕು. ಆದರೆ ಅವರು ಪುಸ್ತಕವನ್ನು ಮುಚ್ಚಲಿಲ್ಲ. ಮತ್ತೆ ಮತ್ತೆ ಅದೇ ಪುಟಗಳನ್ನು ತಿರುವಿದರು. ಕೊನೆಗೆ ಒಂದು ಕಡೆ ಬೆರಳಿಟ್ಟರು. ಅಲ್ಲಿ ಒಂದು ಸೂತ್ರ ಅಕ್ಷರಗಳಲ್ಲಿ ಅಲ್ಲ, ಚಿತ್ರವಾಗಿ ಬಂದಿತ್ತು. ಅದರಲ್ಲಿ σ ಇತ್ತು. ಅದರ ಕೆಳಗೇ ವಿವರಣೆಯಲ್ಲಿ ಅದೇ ಜಾಗಕ್ಕೆ s ಇತ್ತು.

"ತಮ್ಮಾ, ನನಗ ಅನುಮಾನ ಅದ. ಇದು ಒಂದಽ s ಅಲ್ಲ. ಎರಡು ಅವ. ಒಂದು ಎಲ್ಲೋ ಕಳದದ."

ಈಗ ಯೋಚಿಸಿದರೆ, ಅನುಮಾನ ಎಂಬ ಮಾತಿನ ಎರಡೂ ಅರ್ಥಗಳನ್ನು ಒಂದೇ ಉಸಿರಿನಲ್ಲಿ ಬಳಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವರು ನಿಜಕ್ಕೂ ಅದೇ ಮಾತನ್ನು ಬಳಸಿದರೇ, ಅಥವಾ ಡೌಟು ಎಂದದ್ದನ್ನು ನಾನು ಆಮೇಲೆ ಹೀಗೆ ತಿದ್ದಿಕೊಂಡೆನೇ? ಪ್ರೂಫ್ ನೋಡುವವನ ಕೈ ಸುಮ್ಮನಿರುವುದಿಲ್ಲ.

ಭಾನುವಾರ ಬೆಳಿಗ್ಗೆ ಇಬ್ಬರೂ ಕ್ಯಾಂಪಿಗೆ ಹೋದೆವು. ಅಂಗಡಿಯವರು ಮೂಲ ಅಧ್ಯಾಯವನ್ನು ಪರದೆಯ ಮೇಲೆ ತೆರೆದರು. ಅಲ್ಲಿ ಎಲ್ಲವೂ ಸರಿಯಾಗಿತ್ತು. σ ಬೇರೆ, s ಬೇರೆ. ಆ ಅರ್ಥವಿಲ್ಲದ a ಅಲ್ಲಿ α ಆಗಿತ್ತು. ಲೇಖಕರು ಗ್ರೀಕ್ ಅಕ್ಷರಗಳನ್ನು ಬೇರೊಂದು ಫಾಂಟಿನಲ್ಲಿ ಹೊಡೆದಿದ್ದರು. ಆ ಫಾಂಟು ತೆಗೆದರೆ ಸಿಗ್ಮಾ s ಆಗುತ್ತದೆ, ಆಲ್ಫಾ a ಆಗುತ್ತದೆ, ಸರಾಸರಿಗೆ ಬಳಸುವ ಮ್ಯೂ, ಅಂದರೆ μ, m ಆಗುತ್ತದೆ. ನಮ್ಮ ಪುಸ್ತಕವನ್ನು ತೆಳ್ಳಗೆ ಮಾಡಲು ಅಂಗಡಿಯವರು ಇಡೀ ಅಧ್ಯಾಯವನ್ನು ಒಮ್ಮೆಲೇ ಆರಿಸಿ ಒಂದೇ ಫಾಂಟಿಗೆ ತಂದಿದ್ದರು. ಹುಳು ಚೀಲದಲ್ಲಿ ಇರಲಿಲ್ಲ. ಉಪಕಾರದ ಜೊತೆ ಬಂದಿತ್ತು.

ಅವರ ಮುಖ ಸಣ್ಣದಾಯಿತು. ಮತ್ತೆ ಪೂರ್ತಿ ಅಚ್ಚು ಹಾಕಿ ಕೊಡುತ್ತೇನೆ ವಹಿನಿ ಎಂದರು. ವೈನಿ ಬೇಡವೆಂದರು. ಆ ಪುಸ್ತಕದ ಅಂಚುಗಳಲ್ಲಿ ಆಗಲೇ ಅವರ ನಳದ ನೀರು ಹರಿದಿತ್ತು. ಅದನ್ನು ಬಿಟ್ಟು ಹೊಸದನ್ನು ಹಿಡಿಯಲು ಅವರಿಗೆ ಮನಸ್ಸಿರಲಿಲ್ಲ.

ಹಾಗಾದರೆ ಪ್ರೆಸ್ಸಿನ ರೀತಿಯಲ್ಲೇ ತಿದ್ದೋಣ ಎಂದೆ. ನಮ್ಮಲ್ಲಿ ಪ್ರೂಫನ್ನು ಇಬ್ಬರು ಕೂತು ನೋಡುತ್ತಿದ್ದೆವು. ಒಬ್ಬರು ಮೂಲವನ್ನು ಗಟ್ಟಿಯಾಗಿ, ಚಿಹ್ನೆಗಳನ್ನೂ ಬಿಡದೆ ಓದಬೇಕು. ಇನ್ನೊಬ್ಬರು ಅಚ್ಚಿನ ಮೇಲೆ ಕಣ್ಣಿಟ್ಟು ಕೆಂಪು ಪೆನ್ನಿನಿಂದ ತಿದ್ದಬೇಕು. ನಾನು ಪರದೆ ನೋಡಿ ಓದುವುದು, ವೈನಿ ತಿದ್ದುವುದು. ಅವರು ಕೆಂಪು ಪೆನ್ನು ಹಿಡಿದು ಹಿಂಜರಿದರು.

"ಪುಸ್ತಕದಾಗ ಪೆನ್ನಿಲೆ ಬರೀಬಾರದು ಅಂತ ದಿನಾ ಹುಡುಗರಿಗೆ ನಾನಽ ಹೇಳ್ತೀನಿ."

"ಬದಲಿಸ್ರಿ ಅಂತ ಅವರಽ ಬರದಾರಲ್ರಿ ವೈನಿ."

ಓದತೊಡಗಿದೆ. ತೊಂದರೆ ಏನೆಂದರೆ ನನಗೆ ಗ್ರೀಕ್ ಅಕ್ಷರಗಳ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ. ಕಂಡಂತೆ ಕರೆದೆ. σ ಬಸವನಹುಳು. α ಮೀನು, ಬಾಲ ಇತ್ತಲ್ಲ. ಒಂದು ಪ್ಯಾರಾ ಮುಗಿಯುವುದರಲ್ಲಿ ಎಲ್ಲ ಕಲಸಿಹೋಯಿತು. ಏಕೆಂದರೆ ಇಂಗ್ಲಿಷಿನಲ್ಲಿ ಸರಾಸರಿಗೂ ಮೀನ್ ಎನ್ನುತ್ತಾರೆ.

"ಯಾವ ಮೀನೋ? ಬಾಲದ್ದೋ, ಸರಾಸರಿದೋ?"

"ಬಾಲದ್ದು. ಅಲ್ಲ, ತಡೀರಿ, ಸರಾಸರಿದು."

ಪಕ್ಕದ ಕಂಪ್ಯೂಟರಿನಲ್ಲಿ ಕೂತಿದ್ದ ಅಂಗಡಿಯವರು ಬಹಳ ಹೊತ್ತು ತಡೆದುಕೊಂಡಿದ್ದು ಕೊನೆಗೆ ಕೇಳಿದರು: "ಕಾಯ್ ವಹಿನಿ, ಮೀನ್ ರಾಸ್ ಕಾ?" ನಾವು ಇಂಟರ್ನೆಟ್ಟಿನಲ್ಲಿ ಜಾತಕ ನೋಡುತ್ತಿದ್ದೇವೆ, ಯಾರದೋ ಮೀನರಾಶಿ ಎಂದು ಅವರು ತಿಳಿದಿದ್ದರು. ವೈನಿ ನಕ್ಕು ನಕ್ಕು ಪೆನ್ನು ಕೆಳಗಿಟ್ಟರು. ಆಮೇಲೆ ಶಾಲೆಯಲ್ಲಿ ಮಕ್ಕಳನ್ನು ಸಾಲಿಗೆ ನಿಲ್ಲಿಸುವ ದನಿಯಲ್ಲಿ ಹೇಳಿದರು: "ಮೀನಾ ಬ್ಯಾಡ, ಹುಳಾ ಬ್ಯಾಡ. ಸಿಗ್ಮಾಕ್ಕ ಸ ಅನ್ನು. ಆಲ್ಫಾಕ್ಕ ಅ. ಮ್ಯೂಕ್ಕ ಮ. ಮುಗೀತು."

ಅಂದಂತೆಯೇ ಬರೆದರು. ಕಳೆದುಹೋದ ಪ್ರತಿ σ ಇದ್ದಲ್ಲಿ ಕೆಂಪು ಶಾಯಿಯ ದುಂಡನೆಯ ಸ. ಸಿಗ್ಮಾವನ್ನೇ ಬರೆಯಬಹುದಲ್ಲ ಎಂದು ನಾನು ಕೇಳಿದೆನೆಂದು ತೋರುತ್ತದೆ. "ಮತ್ತ ಆರು ಆಗತದ" ಎಂದಿರಬೇಕು. ಮಧ್ಯಾಹ್ನದ ಹೊತ್ತಿಗೆ ಆ ಅಧ್ಯಾಯ ಮುಗಿಯಿತು. ಅಂಗಡಿಯವರು ಚಹಾ ತರಿಸಿದರು. ಗಂಟೆಯ ಬಾಡಿಗೆಯ ಮಾತೇ ಎತ್ತಲಿಲ್ಲ. ಉಳಿದ ಅಧ್ಯಾಯಗಳನ್ನು ಬೇರೆ ದಿನಗಳಲ್ಲಿ ಮಾಡಿದೆವು. ಎಷ್ಟು ದಿನ ಎಂಬುದು ನೆನಪಿಲ್ಲ, ಚಹಾ ಪ್ರತಿ ಸಲ ಬಂದದ್ದು ನೆನಪಿದೆ.

ಮನೆಗೆ ಬಂದು ವೈನಿ ಅಣ್ಣನ ಮುಂದೆ ಪುಸ್ತಕ ಹಿಡಿದರು. "ನೋಡ್ರಿ, ಹುಳಾ ಇರಲಿಲ್ಲ. ಒಂದು ಸ, ಇನ್ನೊಂದು s. ಒಂದು ಇಡೀ ರಾಶಿದು, ಇನ್ನೊಂದು ನಾವು ಕೈಯಾಗ ಹಿಡದದ್ದರದು. ರಾಶಿದು ಗೊತ್ತಿಲ್ಲ, ಅದಕ್ಕ ಕೈಯಾಗಿಂದು ಬಳಸಬೇಕು. ಅಷ್ಟಽ ಅವರು ಹೇಳಿದ್ದು."

ಅಣ್ಣ ಪುಸ್ತಕ ತಿರುವಿ ನೋಡಿ, ಮೂಗು ಒರೆಸಿಕೊಂಡು ಅಂದ: "ಇಷ್ಟಽ? ಇದಕ್ಕ ಗ್ರೀಕ್ ಯಾಕ ಬೇಕು? ಸ ಅಂದ್ರ ಸಗಟು, s ಅಂದ್ರ ಸ್ಯಾಂಪಲ್."

ಅವನು ಹಾಸ್ಯಕ್ಕೆ ಅಂದದ್ದು. ವೈನಿ ಹಾಸ್ಯವೆಂದು ತೆಗೆದುಕೊಳ್ಳಲಿಲ್ಲ. ಮರುದಿನದಿಂದ ಅವರು ಲೆಕ್ಕ ಮಾಡುವಾಗ ಬಾಯಲ್ಲಿ ಗೊಣಗುವುದು ಕೇಳಿಸುತ್ತಿತ್ತು: ಸಗಟಿನ ಸ, ಸ್ಯಾಂಪಲ್ಲಿನ s. ಪಾತ್ರೆ ತಿಕ್ಕುವಾಗ, ಸೀರೆಯ ನೆರಿಗೆ ಹಿಡಿಯುವಾಗ. ಬರವಣಿಗೆಯ ಅಭ್ಯಾಸದಲ್ಲೂ ಸ ಬಂತು. ಅದು ಎಂದೂ ಆರು ಆಗುತ್ತಿರಲಿಲ್ಲ. ಬಾಲ್ಯದಿಂದ ಬರೆದ ಅಕ್ಷರ.

ಇದರ ಪರಿಣಾಮ ಏನಾಗಬಹುದೆಂದು ನಮ್ಮ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಪರೀಕ್ಷೆಯ ದಿನ ನಾನು ಅರ್ಧ ದಿನ ರಜೆ ಹಾಕಿ ಕೇಂದ್ರದ ಹೊರಗೆ ನಿಂತಿದ್ದೆ. ವೈನಿ ಹೊರಬಂದಾಗ ಮುಖ ಅರಳಿತ್ತು. ಎಲ್ಲ ಬರೆದೆ, ಅನುಮಾನದ ಲೆಕ್ಕ ಎರಡೂ ಬಂದವು, ಯಾಕೆ ಹಾಗೆ ಎಂದೂ ವಿವರಿಸಿದೆ ಎಂದರು. ಸ್ವಾರ್ಗೇಟಿನ ಬಸ್ಸಿಗೆ ಕಾಯುತ್ತಿದ್ದೆವು. ಒಮ್ಮೆಲೇ ಅವರು ನನ್ನ ತೋಳು ಹಿಡಿದರು.

"ತಮ್ಮಾ. ನಾ ಸ ಬರದೀನಿ."

"ಎಲ್ಲಿ?"

"ಪೇಪರಿನಾಗ. ಸಿಗ್ಮಾ ಇದ್ದಲ್ಲೆಲ್ಲ ಸ ಬರದೀನಿ."

ಬಸ್ಸಿನಲ್ಲಿ ಅವರು ಅತ್ತರು ಎಂದು ಅಣ್ಣ ಹೇಳುತ್ತಾನೆ. ಅಣ್ಣ ಆ ಬಸ್ಸಿನಲ್ಲಿ ಇರಲಿಲ್ಲ. ನಾನಿದ್ದೆ. ನನಗೆ ನೆನಪಿರುವುದು ಅವರು ಕಿಟಕಿಯ ಕಡೆ ತಿರುಗಿ ಕೂತದ್ದು. ಅಳುತ್ತಿದ್ದರೋ ಇಲ್ಲವೋ, ಕಿಟಕಿಯ ಕಡೆ ತಿರುಗಿದವರನ್ನು ನೋಡಿ ಹೇಗೆ ಹೇಳುವುದು.

ಮನೆಯಲ್ಲಿ ಅಣ್ಣ ಸುದ್ದಿ ಕೇಳಿ ಅಂದ: "ಮಹಾರಾಷ್ಟ್ರದ ಪೇಪರಿನಾಗ ಕನ್ನಡ ಬರದು ಬಂದ್ಯಾ? ಅಡ್ಡಿ ಇಲ್ಲ ಬಿಡು. ಅವರು ಬೆಳಗಾವಿ ನಮ್ಮದು ಅಂತಾರ, ನೀ ಅವರ ಸಿಗ್ಮಾ ನಮ್ಮದು ಮಾಡಿ ಬಂದಿ. ಲೆಕ್ಕ ಚುಕ್ತಾ."

ವೈನಿ ನಗಲಿಲ್ಲ. "ನಿಮ್ಮ ಸಗಟು ಬಾಯಿಂದನಽ ಆಗಿದ್ದು ಇದು," ಎಂದರು. ಅಂದು ಅನ್ನಕ್ಕೆ ಇಟ್ಟವನು ಅಣ್ಣನೇ. ಇದು ಮಾತ್ರ ಖಚಿತ. ಯಾಕೆಂದರೆ ಅನ್ನ ತಳ ಹತ್ತಿತ್ತು.

ಫಲಿತಾಂಶಕ್ಕೆ ಕಾದ ತಿಂಗಳುಗಳಲ್ಲಿ ಆ ಅಕ್ಷರ ಮನೆಯಲ್ಲಿ ನಾಲ್ಕನೆಯವರ ಹಾಗೆ ಇತ್ತು. ಜೂನ್ ಬಂತು, ಶಾಲೆಯವರು ಮತ್ತೆ ಹಂಗಾಮಿಯಾಗಿಯೇ ಕರೆದರು. ನಾನು ಕಾಗದದ ಮೇಲೆ ಸ ಬರೆದು, ಕನ್ನಡ ಬಾರದವನ ಕಣ್ಣಿನಿಂದ ನೋಡಲು ಯತ್ನಿಸುತ್ತಿದ್ದೆ. ಹೊಟ್ಟೆ ದುಂಡಗಿದೆ, ಮೇಲೊಂದು ಬಾಲವಿದೆ. ಅವಸರದ ಸಿಗ್ಮಾ ಎನ್ನಬಹುದೇ? ಒಮ್ಮೊಮ್ಮೆ ಹೌದೆನ್ನಿಸುತ್ತಿತ್ತು. ಆದರೆ ಓದಲು ಬರುವ ಅಕ್ಷರವನ್ನು ಓದದೆ ನೋಡುವುದು ಆಗದ ಮಾತು. ನಾನು ನೋಡಿದಾಗಲೆಲ್ಲ ಅದು ಸ ಆಗಿಯೇ ಇರುತ್ತಿತ್ತು.

ವೈನಿ ಪಾಸಾದರು. ಒಳ್ಳೆಯ ಅಂಕ. ಕಾಯಂ ಆದರು, ಮೇಲಿನ ತರಗತಿಗಳ ಗಣಿತವೂ ಬಂತು. ಪೇಢೆಯ ಮೊದಲ ಪೊಟ್ಟಣ ಕ್ಯಾಂಪಿನ ಅಂಗಡಿಗೆ ಹೋಯಿತು. ಅಲ್ಲಿಯೇ ಕೂತು ವೈನಿ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೊಡೆದು, ಪುಸ್ತಕ ಬರೆದವರಿಗೆ ಒಂದು ಇಮೇಲ್ ಕಳಿಸಿದೆವು. ನಿಮ್ಮ ಪುಸ್ತಕ ಇಲ್ಲಿಗೆ ಬಂದು ಮುಟ್ಟಿತು, ನಾನು ಪಾಸಾದೆ, ಹಿಮ ತೆಗೆದು ನಳದ ನೀರು ಹಾಕಿಕೊಂಡಿದ್ದೇನೆ, ನೀವು ಬದಲಿಸಬಹುದು ಎಂದದ್ದಕ್ಕೆ ಉಪಕಾರವಾಯಿತು. ಫಾಂಟಿನ ಕಥೆಯನ್ನೂ ಬರೆದೆವು. ತಪ್ಪು ನಿಮ್ಮದಲ್ಲ ಎಂದು ವೈನಿ ಎರಡು ಸಲ ಹಾಕಿಸಿದರು.

ಉತ್ತರ ಬಂತು, ಚಿಕ್ಕದು. ಬಹಳ ಸಂತೋಷ, ನೀವು ಬಳಸಿದ ಆ ಅಕ್ಷರವನ್ನು ನೋಡಬೇಕೆನಿಸಿದೆ ಎಂದು. ಒಂದು ಪುಟವನ್ನು ಸ್ಕ್ಯಾನ್ ಮಾಡಿ ಕಳಿಸಿದೆವು. ಅದಕ್ಕೆ ಉತ್ತರ ಬಂದ ನೆನಪಿಲ್ಲ. ಕೆಲವು ವರ್ಷಗಳ ಮೇಲೆ ಹುಡುಕಿದಾಗ ಆ ಪುಸ್ತಕದ ಹೊಸ ಆವೃತ್ತಿ ಇತ್ತು. ಗ್ರೀಕ್ ಅಕ್ಷರಗಳೆಲ್ಲ ಈಗ ಯಾರು ಹೇಗೆ ಅಚ್ಚು ಹಾಕಿದರೂ ಕಳೆಯದ ಹಾಗೆ ಕೂತಿದ್ದವು. ಅದು ನಮ್ಮ ಇಮೇಲಿನಿಂದ ಆದದ್ದು ಎಂದು ಅಣ್ಣ ಎಲ್ಲರಿಗೂ ಹೇಳುತ್ತಾನೆ. ಅಷ್ಟರಲ್ಲಿ ಎಲ್ಲರ ಕಂಪ್ಯೂಟರುಗಳೂ ಸುಧಾರಿಸಿದ್ದವು ಎಂದು ನಾನು ಹೇಳಿದರೆ ಅವನಿಗೆ ಸಿಟ್ಟು ಬರುತ್ತದೆ.

ವೈನಿಯ ಸ್ಪೈರಲ್ ಪುಸ್ತಕ ಮುಂದೆ ಅವರ ಶಾಲೆಯಲ್ಲಿ ಓದಿ ಕಾಲೇಜಿಗೆ ಹೋದ ಒಬ್ಬ ಹುಡುಗಿಯ ಕೈಗೆ ಹೋಯಿತು. ಅವಳಿಗೆ ಕನ್ನಡ ಬರುತ್ತಿತ್ತು, ಸ ಓದಿಕೊಂಡಳು. ಅವಳಿಂದ ಅವಳ ಮರಾಠಿ ಗೆಳತಿಗೆ ಹೋಯಿತಂತೆ. ಆ ಗೆಳತಿ ಆ ಕೆಂಪು ಅಕ್ಷರಗಳನ್ನು ನೋಡಿ ಏನೆಂದುಕೊಂಡಳೋ. ಇಲ್ಲಿ ನೆನಪನ್ನು ಚೀಲಕ್ಕೂ ನಮ್ಮ ಕೈಲಿರುವ ಹಿಡಿಗೂ ಹೋಲಿಸಿ ಮುಗಿಸಬೇಕೆಂಬ ಆಸೆ ಬರುತ್ತದೆ. ಬೇಡ. ಚೀಲವನ್ನು ಯಾವಾಗ ಬೇಕಾದರೂ ಸುರಿದು ನೋಡಬಹುದು.

ಇತ್ತೀಚೆಗೆ ವೈನಿಯನ್ನು ಕೇಳಿದೆ, ನಿಜಕ್ಕೂ ಎಲ್ಲ ಕಡೆ ಸ ಬರೆದಿದ್ದಿರೇ ಎಂದು. "ಎಲ್ಲಾ ಕಡೆ ಅಲ್ಲ. ಮೊದಲ ಒಂದೆರಡು ಕಡೆ ಸಿಗ್ಮಾ ಬರದಿದ್ದೆ ಅನಸ್ತದ. ಆಮ್ಯಾಲೆ ಕೈ ತಾನಽ ಹೋತು," ಎಂದರು. ಅಣ್ಣ ಒಳಗಿನಿಂದ ಕೂಗಿದ: "ಇಡೀ ಪೇಪರ ಕನ್ನಡದಾಗ ಬರದಿದ್ಲು, ನನ್ನ ಕೇಳು!"

ಆ ಪೇಪರನ್ನು ನೋಡಿದವರಿಗೆ ನಾವು ಪೇಢೆ ಕೊಡಲಾಗಲಿಲ್ಲ, ಇಮೇಲ್ ಕಳಿಸಲಾಗಲಿಲ್ಲ. ಅವರು ಆ ಅಕ್ಷರವನ್ನು ಕೆಟ್ಟದಾಗಿ ಬರೆದ ಸಿಗ್ಮಾ ಎಂದು ಓದಿದರೋ, ಗೊತ್ತಿಲ್ಲದ ಚಿಹ್ನೆಯಾದರೂ ಲೆಕ್ಕ ಸರಿ ಇದೆಯಲ್ಲ ಎಂದು ಮುಂದೆ ಹೋದರೋ, ಅಥವಾ ಸೊಲ್ಲಾಪುರದ ಕಡೆಯ ಕನ್ನಡದವರೇ ಆಗಿದ್ದು ಸ ಎಂದು ಓದಿ ನಕ್ಕರೋ, ನನಗೆ ಗೊತ್ತಿಲ್ಲ. ಕೇಳಲು ಯಾರೂ ಇಲ್ಲ.